ನಾಲ್ಕು ಧ್ವನಿಗಳ ಕೀರ್ತನೆಗೂ ಧಾರವಾಡದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಧಾರವಾಡ ಸೀಮೆಯ ಸಂಗೀತದ ಬಗ್ಗೆ ಬರುವ ಬರಹಗಳಲ್ಲಿ ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಹಿಂದುಸ್ತಾನಿ ಪರಂಪರೆಯೂ ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ತಪ್ಪದೆ ಕಾಣಿಸಿಕೊಳ್ಳುತ್ತವೆ, ಕಾಣಿಸಬೇಕಾದದ್ದೇ. ಆದರೆ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದ ಮೇಲೆ ಇಲ್ಲಿನ ಕ್ರೈಸ್ತ ದೇವಾಲಯಗಳಲ್ಲಿ ನೆಲೆ ಕಂಡ ಇನ್ನೊಂದು ಗಾಯನ ಪದ್ಧತಿ, ಎಂದರೆ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳು ಒಂದೇ ಸಾಹಿತ್ಯವನ್ನು ಏಕಕಾಲಕ್ಕೆ ಬೇರೆ ಬೇರೆ ಸ್ವರಗಳಲ್ಲಿ ಹಾಡುವ ಪದ್ಧತಿ, ಆ ಬರಹಗಳಲ್ಲಿ ಹೆಸರಿಗೂ ಬರುವುದಿಲ್ಲ. ಇದರಲ್ಲಿ ಕ್ರೈಸ್ತರಾದ ನಮ್ಮ ಪಾಲೂ ಇದೆ. ಅನೇಕ ಕ್ರೈಸ್ತ ಸಭೆಗಳಲ್ಲಿ ಈಗ ಕ್ವಾಯರ್ (ಗಾಯನವೃಂದ) ಅಭ್ಯಾಸವೆಂದರೆ ಕ್ರಿಸ್‌ಮಸ್ಸಿನ ಹಿಂದಿನ ಕೆಲವು ವಾರ ಮಾತ್ರ. ಉಳಿದ ವರ್ಷವೆಲ್ಲ ಕೀಬೋರ್ಡಿನ ಸಿದ್ಧ ತಾಳಕ್ಕೆ ಎಲ್ಲರೂ ಒಂದೇ ಧ್ವನಿಯಲ್ಲಿ ಹಾಡಿ ಮುಗಿಸುತ್ತಾರೆ.

ಈ ವಿದ್ಯೆಯನ್ನು ಮತ್ತೆ ಕಲಿಯಬೇಕೆಂದರೆ ಕ್ವಾಯರಿಗೆಂದೇ ರಚಿಸಿದ ದೊಡ್ಡ ಆಂಥೆಮ್‌ಗಳನ್ನು ಬದಿಗಿಟ್ಟು ಛಂದೋಬದ್ಧ ಕೀರ್ತನೆಗಳಿಂದ, ಎಂದರೆ ಬೈಬಲಿನ ಕೀರ್ತನೆಗಳನ್ನು (ಸಾಮ್ಸ್) ಪದ್ಯವಾಗಿ ಕಟ್ಟಿದ ಹಾಡುಗಳಿಂದ, ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 1562ರಲ್ಲಿ ಜಿನೀವಾದಲ್ಲಿ 150 ಕೀರ್ತನೆಗಳೂ ಫ್ರೆಂಚ್ ಪದ್ಯರೂಪದಲ್ಲಿ ಧಾಟಿ ಸಮೇತ ಪೂರ್ಣಗೊಂಡವು. ಆರಾಧನೆಯಲ್ಲಿ ಅವನ್ನು ಒಂದೇ ಧ್ವನಿಯಲ್ಲಿ ಹಾಡಬೇಕೆಂಬುದು ಅಲ್ಲಿನ ಧರ್ಮಸುಧಾರಕ ಕ್ಯಾಲ್ವಿನ್‌ನ ನಿಯಮವಾಗಿತ್ತು. ಫ್ರೆಂಚ್ ಸಂಗೀತ ರಚನಕಾರ ಕ್ಲೋದ್ ಗುದಿಮೆಲ್ ಅವುಗಳಿಗೆ ನಾಲ್ಕು ಧ್ವನಿಗಳನ್ನು ಹೊಂದಿಸಿದಾಗ, ಇವು ದೇವಾಲಯಕ್ಕಲ್ಲ, ಮನೆಗಳಲ್ಲಿ ಹಾಡಿ ಸಂತೋಷಪಡುವುದಕ್ಕೆ ಎಂದು ಸ್ಪಷ್ಟವಾಗಿ ಹೇಳಿದ್ದ. ಮನೆಮಂದಿ ಊಟವಾದ ಮೇಲೆ ಕುಳಿತು ಹಾಡಲೆಂದು ಮಾಡಿದ ಸಂಗೀತವನ್ನು ನಮ್ಮ ಸಭೆಗಳು ಕಷ್ಟವೆಂದು ಬಿಟ್ಟುಕೊಡುವುದು ಸೋಜಿಗವೇ ಸರಿ. ನಮ್ಮಲ್ಲಿಗೆ ಬಂದ ಮಿಷನರಿಗಳಲ್ಲಿ ಅನೇಕರು ವುರ್ಟೆಂಬರ್ಗ್ ಪ್ರಾಂತದವರಾದ್ದರಿಂದ ಅವರೊಡನೆ ಬಂದದ್ದು ಹೆಚ್ಚಾಗಿ ಕೋರಾಲ್ ಎನ್ನುವ ಜರ್ಮನ್ ಸಭಾಗೀತೆಗಳು ಎಂಬುದು ನಿಜ, ಆದರೆ ಕೀರ್ತನೆಗಳನ್ನು ಹಾಡಬಲ್ಲವರಿಗೆ ಅವೂ ಒಲಿಯುತ್ತವೆ.

1551ರಲ್ಲಿ 134ನೆಯ ಕೀರ್ತನೆಗೆಂದು ಅಚ್ಚಾಗಿ, ಮುಂದೆ ಇಂಗ್ಲಿಷ್ ಸಭೆಗಳಲ್ಲಿ 100ನೆಯ ಕೀರ್ತನೆಗೆ ಸೇರಿಕೊಂಡು ‘ಓಲ್ಡ್ ಹಂಡ್ರೆತ್’ ಎಂದು ಹೆಸರಾದ ಧಾಟಿಯನ್ನೇ ನೋಡಿ. ಎಂಟೆಂಟು ಅಕ್ಷರಗಳ ನಾಲ್ಕು ಸಾಲು, ಒಂದು ಅಕ್ಷರಕ್ಕೆ ಒಂದೇ ಸ್ವರ. ಮೊದಲ ಸಾಲು ಸ ಸ ನಿ ಧ ಪ ಸ ರಿ ಗ. ಅದರಲ್ಲಿ ನಿ ಧ ಪ ಮಂದ್ರದವು. ಎಲ್ಲವೂ ಶುದ್ಧ ಸ್ವರಗಳಾದ್ದರಿಂದ ಬಿಲಾವಲ್ ಥಾಟಿನ ಪರಿಚಯವಿರುವ ಯಾವ ವಿದ್ಯಾರ್ಥಿಗೂ ಪಾಶ್ಚಾತ್ಯ ಲಿಪಿ ಬೇಕಾಗುವುದಿಲ್ಲ, ಸರಿಗಮ ಸಾಕು. ಕಲಿಸುವಾಗ ಮೊದಲು ಧಾಟಿಯನ್ನೂ ಬಾಸನ್ನೂ ಜೋಡಿಸಬೇಕು, ಆಮೇಲೆ ಟೆನರ್, ಕೊನೆಗೆ ಆಲ್ಟೊ. ಸ್ವರಗಳು ಗಟ್ಟಿಯಾಗುವವರೆಗೆ ಸಾಹಿತ್ಯದ ಗೊಡವೆ ಬೇಡ. ಎರಡು ಮೂರು ಸ್ವರಗಳ ಆಸುಪಾಸಿನಲ್ಲೇ ಸುತ್ತುವ ಆಲ್ಟೊ ಹಲವರಿಗೆ ಬೇಸರ ತರುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಪಕ್ಕದವರ ಧಾಟಿಗೆ ಜಾರದೆ ತನ್ನ ಸ್ವರವನ್ನು ಹಿಡಿದು ನಿಲ್ಲುವುದನ್ನು ಅದರಷ್ಟು ಚೆನ್ನಾಗಿ ಬೇರೆ ಯಾವ ಧ್ವನಿಯೂ ಕಲಿಸುವುದಿಲ್ಲ.

ಇಲ್ಲಿಯೇ ನಮ್ಮ ಊರಿನ ಕಿವಿ ನೆರವಿಗೆ ಬರುತ್ತದೆ. ಈ ಕೀರ್ತನೆಗಳ ಸಾಲುಗಳು ಬಹುತೇಕ ಷಡ್ಜ, ಗಾಂಧಾರ, ಪಂಚಮಗಳ ಕೂಟದಂಥ ಸ್ಥಿರ ಸ್ವರಮೇಳದ ಮೇಲೆ ನಿಲ್ಲುತ್ತವೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಖರಜದ (ಮಂದ್ರ ಷಡ್ಜದ) ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವುದನ್ನು ಇಲ್ಲಿನ ಸಂಗೀತ ವಿದ್ಯಾರ್ಥಿಗಳು ಬಲ್ಲರು. ಆ ಮೇಳ ತುಂಬಿ ಮೊಳಗಬೇಕಾದರೆ ಹಾಡುವ ಗಾಂಧಾರವೂ ಅದೇ ಆಗಿರಬೇಕು. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟಿನಷ್ಟು, ಅಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು, ಏರಿರುತ್ತದೆ. ಸಾಲು ಕೊನೆಗೊಂಡಾಗ ನಾಲ್ಕೂ ಧ್ವನಿಗಳು ಒಂದಾಗಿ ಝೇಂಕರಿಸುವುದು ಕೀಬೋರ್ಡ್ ಮುಚ್ಚಿದ ದಿನವೇ. ಹಾಗೆಂದು ತಂಬೂರಿಯನ್ನು ಹಾಡಿನುದ್ದಕ್ಕೂ ಮೀಟುವಂತಿಲ್ಲ, ಏಕೆಂದರೆ ಸಾಲಿನ ನಡುವೆ ಆಧಾರವೇ ಮಧ್ಯಮಕ್ಕೋ ಪಂಚಮಕ್ಕೋ ಸರಿಯುತ್ತದೆ. ಆರಂಭದಲ್ಲಿ ಶ್ರುತಿ ಹಿಡಿಯಲು ಮಾತ್ರ ಅದು ಬೇಕು. ಇದು ಪರದೇಶದ ಸಂಗೀತ, ನಮಗೇಕೆ ಎನ್ನುವವರು ಹಾರ್ಮೋನಿಯಂ ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸಲಿ.

ನಿಜವಾದ ತೊಡಕು ಇರುವುದು ಸಾಹಿತ್ಯದಲ್ಲಿ. ಈ ಧಾಟಿಗಳು ಅಕ್ಷರದ ಎಣಿಕೆಯನ್ನೂ ಘಾತವನ್ನೂ (ಉಚ್ಚಾರದ ಒತ್ತನ್ನೂ) ನಂಬಿದರೆ ನಮ್ಮ ಕಿವಿ ಗುರು ಲಘುಗಳನ್ನು ನಂಬುತ್ತದೆ. ಎಂಟು ಅಕ್ಷರ ಎಣಿಸಿ ತುಂಬಿದ ಮಾತ್ರಕ್ಕೆ ಸಾಲು ಹಾಡಾಗುವುದಿಲ್ಲ. ಲಘು ಇರುವಲ್ಲಿ ಸ್ವರವನ್ನು ಎಳೆದರೆ ಪದವೇ ಕೆಡುತ್ತದೆ. ಗದುಗಿನ ನಾರಣಪ್ಪನ ಭಾಮಿನಿ ಷಟ್ಪದಿಯಂತೂ 14, 14, 23 ಮಾತ್ರೆಗಳಲ್ಲಿ ನಡೆಯುವುದರಿಂದ ಈ ಧಾಟಿಗಳ ಅಳತೆಗೆ ಹೊಂದಲಾರದು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದ ಕಿಟೆಲ್ ಅವರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು, ಕ್ರಿಸ್ತನ ಕಥೆ ಹೇಳುವ ತಮ್ಮ ‘ಕಥಾಮಾಲೆ’ಗೆ 1862ರಲ್ಲೇ ಅವರು ನಮ್ಮ ಛಂದಸ್ಸನ್ನೇ ಆರಿಸಿಕೊಂಡರು. ಆದ್ದರಿಂದ ಮಾತ್ರೆ ಬಲ್ಲ ಕವಿಯೊಬ್ಬರೂ ನಾಲ್ಕು ಧ್ವನಿ ಬಲ್ಲ ಗಾಯಕರೊಬ್ಬರೂ ಜೊತೆಗೆ ಕುಳಿತು, ದೀರ್ಘ ಸ್ವರಕ್ಕೆ ಗುರುವೇ ಬರುವಂತೆ ಕೆಲವಾದರೂ ಕೀರ್ತನೆಗಳನ್ನು ಹೊಸದಾಗಿ ಕಟ್ಟಬೇಕು. ಕವಿಗಳಿಗೆ ಧಾರವಾಡದಲ್ಲಿ ಎಂದಾದರೂ ಬರಗಾಲವಿತ್ತೇ?

ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಹಾವೇರಿಗಳ ಸಭಾಪಾಲಕರು ವಾರಕ್ಕೊಂದು ಗಂಟೆಯನ್ನು ವರ್ಷವಿಡೀ ಇದಕ್ಕಾಗಿ ಮೀಸಲಿಡಬೇಕು, ಬೇಸಿಗೆ ರಜೆಯಲ್ಲಿ ಸಂಗೀತ ಶಾಲೆಗಳ ಮಕ್ಕಳನ್ನೂ ಜಾತಿ ಮತ ನೋಡದೆ ಕರೆಯಬೇಕು ಎಂದು ಕೋರುತ್ತೇನೆ. ಹಳೆಯ ಸಭಾ ಕುಟುಂಬಗಳಲ್ಲಿ ಅಜ್ಜ ಅಜ್ಜಿಯರು ಕೈಯಲ್ಲಿ ಬರೆದುಕೊಂಡ ಟೆನರ್, ಆಲ್ಟೊ ಪುಸ್ತಕಗಳೇನಾದರೂ ಉಳಿದಿದ್ದರೆ ಅವನ್ನು ರದ್ದಿಗೆ ಹಾಕದೆ, ಪುಟಗಳ ಫೋಟೊ ತೆಗೆದು ತಮ್ಮ ಸಭೆಯ ಕ್ವಾಯರ್ ನಡೆಸುವವರಿಗೆ ತಲುಪಿಸಲಿ.

ತಮ್ಮ ವಿಶ್ವಾಸಿ,
ಒಬ್ಬ ಬಾಸ್ ಗಾಯಕ
ಬೆಟಗೇರಿ, ಗದಗ