ಭಾನುವಾರ ಬಿಬಿಸಿ ಮೈಕ್ರೋ ತರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಮಕ್ಕಳಿಗೆ ತೋರಿಸಲು ಕಾರವಾರಕ್ಕೆ ಬಿಬಿಸಿ ಮೈಕ್ರೋ (1980ರ ದಶಕದ ಬ್ರಿಟಿಷ್ ಕಂಪ್ಯೂಟರ್) ತರುವವರು ದಯವಿಟ್ಟು ಇದನ್ನು ಓದಿ.

ಮೊದಲು ಪವರ್ ಸಪ್ಲೈ. ಅದರೊಳಗಿನ ಫಿಲ್ಟರ್ ಕೆಪಾಸಿಟರ್ (ಕರೆಂಟಿನ ಗದ್ದಲ ತಡೆಯುವ ಬಿಡಿಭಾಗ) ಹಳತಾದಂತೆ ಬಿರುಕು ಬಿಟ್ಟು ತೇವ ಹೀರುತ್ತದೆ. ನಮ್ಮ ಕರಾವಳಿ ಹವೆಯಲ್ಲಂತೂ ಕೇಳೋದೇ ಬೇಡ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೇ ದಟ್ಟ ಹೊಗೆ, ಕೆಟ್ಟ ವಾಸನೆ ಬರಬಹುದು. ಅದನ್ನು ಬದಲಿಸದೆ ಕರೆಂಟ್ ಕೊಡಲೇಬೇಡಿ. ಕೆಲಸ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಇನ್ನು ಚಿತ್ರದ ವಿಷಯ. ಹಿಂದೆ ಆರು ಪಿನ್ನಿನ ಗುಂಡನೆಯ ಸಾಕೆಟ್ ಇದೆಯಲ್ಲ, ಅದು ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಸಿಗ್ನಲ್ ಬೇರೆಬೇರೆಯಾಗಿ ಬರುವ ಜಾಗ. ಅದನ್ನು ವಿಜಿಎ (ಪಿಸಿಗಳ ಹಳೆಯ ಮಾದರಿಯ) ಮಾನಿಟರಿಗೆ ನೇರವಾಗಿ ಕೊಟ್ಟರೆ ಹೆಚ್ಚಿನವುಗಳಲ್ಲಿ ಏನೂ ಬರುವುದಿಲ್ಲ. ಚಿತ್ರದ ಸಾಲುಗಳನ್ನು ಎಳೆಯುವ ಇದರ ವೇಗ ಸುಮಾರು 15.6 ಕಿಲೋಹರ್ಟ್ಸ್, ವಿಜಿಎಗೆ ಬೇಕಿರುವುದು 31.5.

ಹಿಂದಿರುವ ಬಿಎನ್‌ಸಿ ಸಾಕೆಟ್‌ನಿಂದ (ಇಡೀ ಚಿತ್ರ ಒಂದೇ ತಂತಿಯಲ್ಲಿ ಬರುವ ಜಾಗ) ಎವಿ-ಟು-ಎಚ್‌ಡಿಎಂಐ ಡಬ್ಬಿಗೆ (ಹಳೆ ವಿಡಿಯೋ ಸಿಗ್ನಲ್ಲನ್ನು ಈಗಿನ ಟಿವಿಗೆ ಹೊಂದಿಸುವಂಥದ್ದು) ಕೊಟ್ಟರೆ ಟಿವಿಯಲ್ಲಿ ಚಿತ್ರ ಬರುತ್ತದೆ. ಆದರೆ ಸಾಮಾನ್ಯವಾಗಿ ಕಪ್ಪು ಬಿಳುಪು, ಸಣ್ಣ ಅಕ್ಷರವೆಲ್ಲ ಮಸುಕು. (ಎಚ್‌ಡಿಎಂಐ-ಟು-ಎವಿ ಡಬ್ಬಿಯೂ ಹಾಗೇ ಕಾಣುತ್ತದೆ, ಅದು ಉಲ್ಟಾ ಕೆಲಸದ್ದು. ಹೆಸರು ಓದಿ ಕೊಳ್ಳಿ.)

ನನ್ನ ಕೇಳಿದರೆ, ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಕೂರಿಸುವ ಆರ್‌ಜಿಬಿ-ಟು-ಎಚ್‌ಡಿಎಂಐ ಬೋರ್ಡೇ ಸರಿ. ಯಂತ್ರದ ಎಂಟೂ ಬಣ್ಣ ಶುದ್ಧವಾಗಿ ಬರುತ್ತವೆ, ಅಕ್ಷರದ ಅಂಚು ಚೂಪಾಗಿರುತ್ತದೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ (CLASS) ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಇದೇ ಯಂತ್ರ. ಈಗಿನ ಮಕ್ಕಳಿಗೆ ಮಸುಕು ಚಿತ್ರ ತೋರಿಸಲು ಮನಸ್ಸು ಬರುವುದಿಲ್ಲ.

ಬೋರ್ಡ್ ಇರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಸಿರ್ಸಿ ಕಡೆಯಿಂದ ಬರುವವರು ಯಂತ್ರವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ತನ್ನಿ, ಘಟ್ಟದಲ್ಲಿ ಮಳೆ ಇದೆ.