ಐವತ್ತನೇ ಸಂಚಿಕೆ ಬರೆಯುವ ಮುಂಚೆ

ಪ್ರೀತಿಯ ತಂಗೀ,

ನಿನ್ನ ಮೇಲ್ ಬಂತು. ನಿಮ್ಮ ಗೇಮಿನ ಕಾಮಿಕ್ಸ್‌ನ 50ನೇ ಸಂಚಿಕೆ ನಿನ್ನ ಪಾಲಿಗೆ ಬಂದಿದೆ ಅಂತ ಓದಿ ಖುಷಿಯಾಯಿತು. ಜೊತೆಗೆ ಕಳಿಸಿದ ಕಥೆಯ ಎಳೆ ಓದಿದ ಮೇಲೆ ಸ್ವಲ್ಪ ಗಾಬರಿಯೂ ಆಯಿತು. ಮೂವತ್ತು ಪುಟದಲ್ಲಿ ಎರಡು ಸಾವು, ಒಂದು ಮದುವೆ, ಒಂದು ಊರು ಸುಟ್ಟು ಬೂದಿ! "ದೊಡ್ಡ ಸಂಚಿಕೆ ಅಲ್ವಾ ಅಣ್ಣಾ, ಏನಾದ್ರೂ ದೊಡ್ಡದು ಆಗ್ಲೇಬೇಕು" ಅಂದಿದ್ದೀಯ. ಆಗಲಿ. ಆದರೆ ಯಾರಿಗೆ ಆಗಬೇಕು, ಆಮೇಲೆ 51ನೇ ಸಂಚಿಕೆಯವರು ಏನು ಮಾಡಬೇಕು ಅನ್ನೋದನ್ನ ಮೊದಲು ಕೂತು ಯೋಚಿಸೋಣ.

ಇದಕ್ಕೆ ಸೋನಿಕ್ ಕಾಮಿಕ್ಸ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಸೋನಿಕ್ ಅಂದರೆ ವಿಡಿಯೊ ಗೇಮಿನ ನಾಯಕ, ಮಿಂಚಿನಂತೆ ಓಡುವ ನೀಲಿ ಹೆಡ್ಜ್‌ಹಾಗ್ (ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ). ಅಮೆರಿಕದ ಆರ್ಚಿ ಕಾಮಿಕ್ಸ್‌ನವರು 1993ರ ಹೊತ್ತಿಗೆ ಶುರು ಮಾಡಿದ 'ಸೋನಿಕ್ ದ ಹೆಡ್ಜ್‌ಹಾಗ್' 2016ರ ಕೊನೆಯವರೆಗೆ 290 ಸಂಚಿಕೆ ಓಡಿತು. ವಿಡಿಯೊ ಗೇಮ್ ಆಧರಿಸಿದ ಕಾಮಿಕ್ಸ್‌ಗಳಲ್ಲಿ ಅತಿ ದೀರ್ಘಕಾಲ ನಡೆದದ್ದು ಅಂತ 2008ರಲ್ಲೇ ಗಿನ್ನೆಸ್ ದಾಖಲೆಗೆ ಸೇರಿತ್ತು. ಅಷ್ಟು ಉದ್ದ ಓಡಿದ್ದರಿಂದ ದೊಡ್ಡ ಅಂಕಿಯ ಸಂಚಿಕೆಗಳೂ ಸಾಲುಸಾಲಾಗಿ ಬಂದವು, ಒಂದೊಂದರಲ್ಲೂ ಬರೆಯುವವರು ನಿನ್ನ ಈಗಿನ ಜಾಗದಲ್ಲೇ ನಿಂತಿದ್ದರು.

ಅವರ 50ನೆಯದನ್ನೇ ನೋಡು. 1997ರ 'ಎಂಡ್‌ಗೇಮ್' ನಾಲ್ಕು ಭಾಗದ ಕಥೆ, 47ರಿಂದ 50ರವರೆಗೆ. ಸೋನಿಕ್‌ನ ಗೆಳತಿ ರಾಜಕುಮಾರಿ ಸ್ಯಾಲಿ ಸತ್ತಳು ಅಂತಾಗುತ್ತದೆ, ಆರೋಪ ಸೋನಿಕ್ ತಲೆಗೇ ಬರುತ್ತದೆ. ಕೊನೆಗೆ ಸ್ಯಾಲಿ ಬದುಕಿದ್ದಾಳೆ. ಸಾಯುವವನು ಖಳನಾಯಕ ರೊಬಾಟ್ನಿಕ್. ಅವನ ಸೋದರನ ಮಗ ಸ್ನೈವ್ಲಿ ಒಳಗಿಂದೊಳಗೆ ತಿದ್ದಿಟ್ಟಿದ್ದ ಅಸ್ತ್ರವೇ ಅವನನ್ನು ಅಳಿಸಿಹಾಕುತ್ತದೆ. ಓದುವಾಗ ಮೈ ಜುಮ್ಮೆನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ರೊಬಾಟ್ನಿಕ್ ಇಲ್ಲದೆ ಸೋನಿಕ್ ಯಾರ ಹಿಂದೆ ಓಡಬೇಕು? ಗೇಮಿನಲ್ಲಿ ಅವನು ಗುಂಡುಕಲ್ಲಿನ ಹಾಗಿದ್ದಾನೆ. 75ನೇ ಸಂಚಿಕೆಯ ಹೊತ್ತಿಗೆ ಇನ್ನೊಂದು ಲೋಕದ ರೊಬಾಟ್ನಿಕ್‌ನನ್ನು ಎಳೆದು ತಂದು ಅದೇ ಕುರ್ಚಿಯಲ್ಲಿ ಕೂರಿಸಬೇಕಾಯಿತು. ನಿನ್ನ ಎಳೆಯ ಮೊದಲ ಸಾವು ಇದೇ ಜಾತಿಯದು. ಗೇಮ್ ಕಂಪನಿಯವರು ಮುಂದಿನ ವರ್ಷ ಅದೇ ಖಳನ ಮುಖ ಹಾಕಿ ಹೊಸ ಭಾಗ ಬಿಡುತ್ತಾರೆ. ಆಗ ನಿನ್ನ ಕಥೆಯ ಹೆಣ ಎದ್ದು ಕೂರಲೇಬೇಕು. ಹಾಗೆ ಎಬ್ಬಿಸುವ ಕೆಲಸ ಇನ್ಯಾರದೋ ತಲೆಗೆ ಬೀಳುತ್ತದೆ.

ಈಗ 200ನೇ ಸಂಚಿಕೆಗೆ ಬಾ. 2009. ಬರೆದವರು ಇಯಾನ್ ಫ್ಲಿನ್, 160ರಿಂದ ಲೇಖನಿ ಅವರ ಕೈಯಲ್ಲಿತ್ತು. ಇದೇ ಸೋನಿಕ್ ಬಗ್ಗೆ ಅಭಿಮಾನಿಯಾಗಿ ತಾವೇ ಕಾಮಿಕ್ಸ್ ಬರೆದುಕೊಂಡಿದ್ದವರು ಆಮೇಲೆ ಅಧಿಕೃತ ಲೇಖಕರಾದರು, ನಿನ್ನ ಥರವೇ. ಅವರ ಮುಂದೆಯೂ ಅದೇ ತೊಡಕು: ಓದುಗರಿಗೆ ಕೊನೆಯ ಕಾಳಗ ಬೇಕು, ಎಗ್‌ಮನ್‌ನನ್ನು (ರೊಬಾಟ್ನಿಕ್‌ನ ಈಚಿನ ಹೆಸರು) ಕೊಲ್ಲುವ ಹಾಗಿಲ್ಲ. ಫ್ಲಿನ್ ಏನು ಮಾಡಿದರು ಅಂದರೆ, ಕಾಳಗ ಪೂರ್ತಿ ಕೊಟ್ಟರು. ಸೋನಿಕ್‌ಗೋಸ್ಕರವೇ ಕಟ್ಟಿದ ಯಂತ್ರ ತೊಟ್ಟು ಎಗ್‌ಮನ್ ಇಳಿಯುತ್ತಾನೆ. ಸೋನಿಕ್ ಅದನ್ನೂ ಪುಡಿಗಟ್ಟುತ್ತಾನೆ. ಸಾಮಾನ್ಯವಾಗಿ ಇಲ್ಲಿ ಖಳ ಒಂದು ಪುಟ್ಟ ವಿಮಾನ ಹತ್ತಿ, "ಮುಂದಿನ ಸಲ ನೋಡ್ಕೋತೀನಿ" ಅಂತ ಮುಷ್ಟಿ ತೋರಿಸಿ ಹಾರಿಹೋಗಬೇಕು. ಹಾಗಾಗುವುದಿಲ್ಲ. ಅವನ ಬುದ್ಧಿಯೇ ಕೈಕೊಡುತ್ತದೆ. ಇಷ್ಟು ಲೆಕ್ಕ, ಇಷ್ಟು ಯಂತ್ರ, ಎಲ್ಲಾ ಒಂದು ಹೆಡ್ಜ್‌ಹಾಗ್‌ನ ಮುಂದೆ ಸೋತಿತು ಅನ್ನುವುದು ತಲೆಗೆ ಹತ್ತಿ, ನೆಲಕ್ಕೆ ಕುಸಿದು ಬಡಬಡಿಸುತ್ತಾನೆ. ಗೆದ್ದವನು ಕುಣಿದಾಡುವಂಥ ಗೆಲುವೇ ಅಲ್ಲ ಅದು.

ಗದಾಪರ್ವ ಪ್ರಸಂಗದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ ಅನ್ನೋದು ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ಗೊತ್ತಿರುತ್ತದೆ. ಆದರೂ ಜನ ಬೆಳಗಿನ ತನಕ ಕೂರುತ್ತಾರೆ, ಕೊಳದೊಳಗೆ ಅಡಗಿದ ಆ ಒಬ್ಬಂಟಿ ದೊರೆಯ ಮಾತು ಕೇಳಲಿಕ್ಕೆ. ಫ್ಲಿನ್‌ರ 200ನೆಯದರ ಬಲ ಅಲ್ಲಿಯದೇ. ಖಳನ ಜೀವಕ್ಕೆ ಕೈ ಹಾಕದೆ ಅವನ ಅಹಂಕಾರಕ್ಕೆ ಕೈ ಹಾಕಿದರು. ಮುಂದೆ ಎಗ್‌ಮನ್ ಚೇತರಿಸಿಕೊಂಡು ಬಂದ, ಬರಲೇಬೇಕಿತ್ತು. ಸತ್ತವನನ್ನು ಎಬ್ಬಿಸಿದ ಹಾಗೆ ಅನ್ನಿಸಲಿಲ್ಲ ಅಷ್ಟೇ. ಅವನು ಬಿದ್ದಿದ್ದಾಗ ಗದ್ದುಗೆ ಖಾಲಿಯಾಗಿ, ಸ್ನೈವ್ಲಿಯೂ ಐರನ್ ಕ್ವೀನ್ ಅನ್ನುವ ಇನ್ನೊಬ್ಬ ಖಳನಾಯಕಿಯೂ ಸೇರಿ ಅದನ್ನು ಹಿಡಿದರು. 201ಕ್ಕೆ ಕಥೆ ತಾನಾಗಿ ಸಿಕ್ಕಿತು.

ಹಾಗಾದರೆ ಸಾವೇ ಬೇಡವಾ ಅಂತ ಕೇಳುತ್ತೀಯ. ಬೇಕಾದರೆ ಇಡು, ಕಾಮಿಕ್ಸ್‌ನಲ್ಲೇ ಹುಟ್ಟಿದವರಿಗೆ ಇಡು. ಆರ್ಚಿಯ ನಂತರ ಐಡಿಡಬ್ಲ್ಯೂ ಅನ್ನುವ ಇನ್ನೊಂದು ಪ್ರಕಾಶನ ಸೋನಿಕ್ ಕಾಮಿಕ್ಸನ್ನು 2018ರ ಏಪ್ರಿಲ್‌ನಲ್ಲಿ ಹೊಸದಾಗಿ ಶುರು ಮಾಡಿತಲ್ಲ, ಅದರ 50ನೇ ಸಂಚಿಕೆ 2022ರಲ್ಲಿ ಬಂತು. ಅಲ್ಲಿ ಸೋನಿಕ್‌ನ ಎದುರಾಳಿ ಸರ್ಜ್. ಅವಳನ್ನು ರೂಪಿಸಿದವನು ಡಾಕ್ಟರ್ ಸ್ಟಾರ್‌ಲೈನ್. ಇಬ್ಬರೂ ಗೇಮಿನವರಲ್ಲ, ಕಾಮಿಕ್ಸ್‌ನವರೇ. ಎಗ್‌ಮನ್‌ಗಿಂತ ತಾನೇ ಜಾಣ ಅಂತ ಮೆರೆದ ಸ್ಟಾರ್‌ಲೈನ್ ಅದೇ ಎಗ್‌ಮನ್ ಎದುರು ಸೋತು ಅವಶೇಷಗಳಡಿ ಸಿಕ್ಕಿಬೀಳುತ್ತಾನೆ. ಬ್ರಿಟನ್ನಿನ 'ಸೋನಿಕ್ ದ ಕಾಮಿಕ್'ನಲ್ಲೂ ಜಾನಿ ಲೈಟ್‌ಫುಟ್ ಅನ್ನುವ ಮೊಲದ ಸಾವು ಬರುತ್ತದೆ, ಅದನ್ನು ಹಿಂದೆಗೆದುಕೊಳ್ಳಲಿಲ್ಲ. ಗೇಮಿನ ಮುಖ್ಯ ಪಾತ್ರಗಳಿಗೆ ಇಂಥದ್ದು ಮಾಡಲಾಗುವುದಿಲ್ಲ. ನಿನ್ನ ಆ ಚಹಾ ಅಂಗಡಿಯ ಅಕ್ಕ ಇದ್ದಾಳಲ್ಲ, 12ನೇ ಸಂಚಿಕೆಯಿಂದ ನೀನೇ ಬೆಳೆಸಿದವಳು, ಕಣ್ಣು ಅಲ್ಲಿ ಇಡು. ಅವಳು ಅಂಗಡಿ ಮುಚ್ಚಿ ಹೊರಟರೂ ಸಾಕು, ಓದುಗರ ಎದೆ ಧಸಕ್ ಅನ್ನುತ್ತದೆ.

ಇನ್ನೊಂದು ಮಾತು, ಕಥೆಗೆ ಸಂಬಂಧವಿಲ್ಲದ್ದು ಅನ್ನಿಸಿದರೂ ಓದು. ಆ ಅಕ್ಕ ಯಾರ ಸ್ವತ್ತು? ಕರಾರು ಪತ್ರ ತೆಗೆದು ನೋಡಿದ್ದೀಯಾ? ಆರ್ಚಿಗೆ ವರ್ಷಾನುಗಟ್ಟಲೆ ಬರೆದ ಕೆನ್ ಪೆಂಡರ್ಸ್ ತಾವು ಸೃಷ್ಟಿಸಿದ ಪಾತ್ರಗಳ ಹಕ್ಕು ತಮ್ಮದೇ ಅಂತ ನೋಂದಾಯಿಸಿಕೊಂಡರು. ಆರ್ಚಿ 2010ರಲ್ಲಿ ಕೋರ್ಟಿಗೆ ಹೋಯಿತು. 2013ರಲ್ಲಿ ರಾಜಿಯಾಯಿತು. ಪರಿಣಾಮ? ಎಷ್ಟೋ ವರ್ಷ ಓದುಗರ ಜೊತೆ ಬೆಳೆದ, ಅವರು ಸೃಷ್ಟಿಸಿದ ಎಕಿಡ್ನಾ (ಇದೂ ಮುಳ್ಳುಮೈಯ ಒಂದು ಪ್ರಾಣಿ) ಪಾತ್ರಗಳ ಬಳಗ ಪುಟಗಳಿಂದ ಮಾಯ. ಅದೇ ವರ್ಷ ಇನ್ನೊಂದು ವಿಡಿಯೊ ಗೇಮಿನ ನಾಯಕ ಮೆಗಾಮ್ಯಾನ್ ಜೊತೆ ಸೇರಿಸಿ 'ವರ್ಲ್ಡ್ಸ್ ಕೊಲೈಡ್' ಅಂತ 12 ಭಾಗದ ಜಂಟಿ ಕಥೆ ಬಂತು. 250ನೇ ಸಂಚಿಕೆ ಆ ಗದ್ದಲದ ನಡುವೆಯೇ ಬಿತ್ತು. ಕಥೆ ಮುಗಿಯುವಷ್ಟರಲ್ಲಿ ಲೋಕವೇ ಅಳಿಸಿ ಹೊಸದಾಗಿ ಬರೆದಂತಾಗಿತ್ತು.

ಇದರಲ್ಲಿ ನನಗೆ ಹೆಚ್ಚು ಸಂಕಟ ಆಗಿದ್ದು ಸ್ಯಾಲಿಯ ವಿಷಯದಲ್ಲಿ. 225ರ ಸುತ್ತಿನ ಸಂಚಿಕೆಗಳಲ್ಲಿ ಅವಳಿಗೆ ಆಪತ್ತು ಬಂದು, 230ರಲ್ಲಿ ಅವಳನ್ನು ಯಂತ್ರವಾಗಿಸಿ ಶತ್ರುವಿನ ಪಾಳಯಕ್ಕೆ ಸೇರಿಸಿದ್ದರು. ಗೆಳೆಯರು ಅವಳನ್ನು ಹೇಗೆ ಬಿಡಿಸುತ್ತಾರೆ ಅಂತ ಓದುಗರು ತಿಂಗಳುಗಟ್ಟಲೆ ಕಾದರು. ಬಿಡಿಸುವ ಕಥೆ ಬರಲೇ ಇಲ್ಲ. ಲೋಕ ಬದಲಾದಾಗ ಅವಳೂ ಬದಲಾಗಿ ಮೊದಲಿನಂತಾದಳು. ಸಾಲ ಮಾಡಿದ ಕಥೆಗೆ ಬಡ್ಡಿ ಕಟ್ಟುವ ಮುಂಚೆಯೇ ಬ್ಯಾಂಕು ಬಾಗಿಲು ಹಾಕಿತು. ಆದ್ದರಿಂದ 50ರಲ್ಲಿ ಗಂಟು ಹಾಕಿ "70ರಲ್ಲಿ ಬಿಚ್ತೀನಿ" ಅನ್ನುವ ಆ ಮೂರನೇ ಎಳೆ ಕೈಬಿಡು. 70 ಬರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಆರ್ಚಿಯವರದು 300ಕ್ಕೆ ಹತ್ತೇ ಬಾಕಿ ಇರುವಾಗ ನಿಂತಿತು, ರದ್ದಾಯಿತು ಅನ್ನುವ ಸುದ್ದಿ ಬಂದದ್ದೂ ತಿಂಗಳುಗಳ ಮೇಲೆ, 2017ರಲ್ಲಿ.

ಇನ್ನು ಪುಟಗಳ ಲೆಕ್ಕ. ಅಚ್ಚಿನಲ್ಲಿ ಬರುವುದಾದರೆ ನಿನ್ನ ದೊಡ್ಡ ಆಘಾತ ಈಗ 17ನೇ ಪುಟದಲ್ಲಿದೆ, ಅದು ಬಲಪುಟ. 16 ಓದುವಾಗಲೇ ಓದುಗನ ಕಣ್ಣು ಪಕ್ಕಕ್ಕೆ ಜಾರಿ ಎಲ್ಲಾ ನೋಡಿಬಿಡುತ್ತದೆ. ಒಂದು ಪುಟ ಮುಂದೆ ತಳ್ಳು. ಬಲಪುಟದ ಕೊನೆಯ ಚೌಕದಲ್ಲಿ ಬಾಗಿಲು ತೆರೆಯುವ ಕೈ ಮಾತ್ರ ಇರಲಿ, ಹಾಳೆ ತಿರುಗಿಸಿದರೆ ಎಡಕ್ಕೆ ಪೂರ್ತಿ ಪುಟದ ಚಿತ್ರ. ನಡುವೆ ಜಾಹೀರಾತು ಸೇರಿಸುತ್ತಾರಾ ಅಂತ ಸಂಪಾದಕರನ್ನು ಮೊದಲೇ ಕೇಳಿಕೋ, ಇಲ್ಲದಿದ್ದರೆ ಎಡಬಲ ಎಲ್ಲಾ ಅದಲುಬದಲು. ಆ ಪುಟದಲ್ಲಿ ಮಾತು ಹಾಕಬೇಡ. ಚಿತ್ರ ಬರೆಯುವವರಿಗೆ ಅಲ್ಲಿ ಕೆಲಸವಿದೆ, ಅವರನ್ನು ನಂಬು.

ಅಂಕಿ ನೋಡಿ ಮೊದಲ ಸಲ ಕೊಳ್ಳುವವರೂ ಇರುತ್ತಾರೆ. ಅವರಿಗಾಗಿ 49 ಸಂಚಿಕೆಯ ಸಾರಾಂಶವನ್ನು ಪಾತ್ರಗಳ ಬಾಯಲ್ಲಿ ಹೇಳಿಸುವ ಆ ಮೂರನೇ ಪುಟ ನನಗೆ ನಿದ್ದೆ ಬರಿಸಿತು. ಒಳಮುಖಪುಟದಲ್ಲಿ ನಾಲ್ಕು ಸಾಲು ಹಾಕಿಸು, ಮುಗೀತು.

ಮದುವೆಯ ದೃಶ್ಯ ಚೆನ್ನಾಗಿದೆ, ಇಟ್ಟುಕೋ. ಊರು ಸುಡುವುದರ ಬಗ್ಗೆ ಗೇಮ್ ಕಂಪನಿಯವರ ಒಪ್ಪಿಗೆ ಬರಹದಲ್ಲಿ ತಗೋ, ಫೋನಿನಲ್ಲಿ "ಆಯ್ತು ಮಾಡಿ" ಅಂದಿದ್ದು ಲೆಕ್ಕಕ್ಕಿಲ್ಲ. ಎರಡನೇ ಕರಡು ಆದ ಮೇಲೆ ಪುಟದ ನಕ್ಷೆ ಸಮೇತ ಕಳಿಸು. ಈ ತಿಂಗಳ ಕೊನೆಗೆ ನಾನು ಊರಲ್ಲಿರುವುದಿಲ್ಲ, ಅದಕ್ಕೆ ಮೊದಲೇ ಸಿಕ್ಕರೆ ಒಳ್ಳೆಯದು.

ಇಂತಿ,
ನಿನ್ನ ಅಣ್ಣ