ವಾಡೆ ಮಾರಲಿ, ಬಾವಿಯನ್ನು ಮಾರುವವರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕಿನ ಹಳ್ಳಿಯೊಂದರ ಹಳೆಯ ವಾಡೆ (ಜಮೀನುದಾರರ ದೊಡ್ಡ ಮನೆ) ಮತ್ತು ಅದರ ಸುತ್ತಲಿನ ತೋಟ ಮಾರಾಟಕ್ಕಿದೆ. ಹದಿನೈದು ದಿನಗಳಿಂದ ಅದರ ಚಿತ್ರಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ‘14 ಎಕರೆ 22 ಗುಂಟೆ, ಡಾಂಬರು ರಸ್ತೆಗೆ ಹೊಂದಿಕೊಂಡಿದೆ, ಲೇಔಟ್‌ಗೆ ಯೋಗ್ಯ’ ಎಂದು ದಲ್ಲಾಳಿಗಳು ಕೆಳಗೆ ಬರೆದಿದ್ದಾರೆ. ವಾಡೆಯ ಬಗ್ಗೆ ಇರುವುದು ಒಂದೇ ಸಾಲು: ‘ಹಳೆಯ ಕಟ್ಟಡವಿದೆ, ಸಾಗುವಾನಿ ಲೆಕ್ಕ ಬೇರೆ.’ ಊರಿನ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಬರೆದರೆ ನಾಳೆ ಬೆಳಗಾಗುವುದರೊಳಗೆ ಬಾಗಿಲು, ಕಂಬ ಕೊಳ್ಳುವವರ ಲಾರಿ ಅಲ್ಲಿ ನಿಂತಿರುತ್ತದೆ. ತಿಳಿಯಬೇಕಾದವರಿಗೆ ಊರವರ ಮನವಿ ತಲುಪಿದೆ.

ನಾನು ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಣ್ಣತಮ್ಮಂದಿರ ಹಿಸ್ಸೆಯ ಸಲುವಾಗಿ ಈ ತೋಟವನ್ನು ಅಳೆದಿದ್ದೆ. ಬೇಸಿಗೆ. ಹೆಬ್ಬಾಗಿಲು ದಾಟಿ ಪಡಸಾಲೆಗೆ ಕಾಲಿಟ್ಟರೆ ಹೊರಗಿನ ಬಿಸಿಲು ಸುಳ್ಳೇನೋ ಅನ್ನಿಸುವಷ್ಟು ತಂಪು. ಎರಡು ಆಳು ತಬ್ಬಿದರೂ ಕೈ ಕೂಡದ ಕಂಬಗಳು, ಅವುಗಳ ತಲೆಯ ಬೋದಿಗೆಯಲ್ಲಿ ಕೆತ್ತಿದ ಗಿಳಿಗಳು. ಒಂದು ಗಿಳಿಗೆ ಕೊಕ್ಕಿರಲಿಲ್ಲ. ‘ನಾನು ಸೊಸೆಯಾಗಿ ಬಂದಾಗಲೂ ಇರಲಿಲ್ಲಪ್ಪ’ ಎಂದು ಮಜ್ಜಿಗೆ ಕೊಟ್ಟ ಅಜ್ಜಿ ನಕ್ಕಿದ್ದರು. ಅಂಗಳದ ಮೂಲೆಯ ಹಗೇವಿನ (ಕಾಳು ತುಂಬಿಡುವ ನೆಲಗುಣಿ) ಬಾಯಿಯನ್ನು ಕಲ್ಲುಚಪ್ಪಡಿಯಿಂದ ಮುಚ್ಚಿದ್ದರು. ಹಿಂದೆ ಅರ್ಧ ಕುಸಿದ ಹುಡೇವು (ಕಾವಲು ಬುರುಜು), ಅದರಾಚೆಗೆ ತೋಟ.

ಊರವರು ಅದನ್ನು ತೋಟ ಎನ್ನುವುದಿಲ್ಲ, ‘ಬಾಗ್’ ಎನ್ನುತ್ತಾರೆ. ನಿಜಾಮರ ಕಾಲದ ಮಾತು ಇನ್ನೂ ಬಿಟ್ಟಿಲ್ಲ. ಮಾವು, ನೆಲ್ಲಿ, ಸಾಲು ಹುಣಸೆ, ನಡುವೆ ಒಂದು ಕಲ್ಲಿನ ಹೌಜು (ನೀರಿನ ತೊಟ್ಟಿ). ಹೌಜಿಗೆ ನೀರು ಬರುತ್ತಿದ್ದದ್ದು ಮೂಲೆಯ ಮೆಟ್ಟಿಲು ಬಾವಿಯಿಂದ. ಆ ಬಾವಿಗೆ ಊರಿನ ಹೆಂಗಸರು ಕೊಡ ಹಿಡಿದು ಬರುತ್ತಿದ್ದ ದಾರಿ ತೋಟದ ನಟ್ಟನಡುವೆ ಹಾದು ಹೋಗಿತ್ತು. ಅಳೆದರೆ ಆರಾಣೆ ಅಗಲ. ನಮ್ಮ ಅಳತೆಯ ಸರಪಳಿಯಲ್ಲಿ ಹದಿನಾರು ಭಾಗ, ಒಂದೊಂದಕ್ಕೂ ಆಣೆ ಎನ್ನುತ್ತೇವೆ; ಹದಿನಾರಾಣೆಗೆ 33 ಅಡಿ, ಅಂದರೆ ಆರಾಣೆಗೆ ಹನ್ನೆರಡು ಅಡಿಗೆ ಚೂರು ಹೆಚ್ಚು. ಒಂದು ಬಂಡಿ ಸಲೀಸಾಗಿ ಹೋಗುವ ದಾರಿ.

ಮಾರುವವರ ಮೇಲೆ ನನಗೆ ಸಿಟ್ಟಿಲ್ಲ. 1949ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರುಗಳು ರದ್ದಾದವು, 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಉಳುವವರ ಪಾಲಾಯಿತು. ಆಗಬೇಕಾದದ್ದೇ ಆಯಿತು. ಆದರೆ ಹೊಲದ ಆದಾಯದ ಮೇಲೆ ನಿಂತಿದ್ದ ಇಂಥ ಮನೆಗಳಿಗೆ ಆಮೇಲೆ ಮಾಳಿಗೆಗೆ ಮಣ್ಣಿನ ಮೇಲ್ಮುದ್ದೆ ಬಳಿಸುವುದೂ ಭಾರವಾಯಿತು. ಮಕ್ಕಳು ಪುಣೆ, ಹೈದರಾಬಾದ್ ಸೇರಿದ್ದಾರೆ. ಮಳೆಗಾಲಕ್ಕೊಂದು ಜಂತಿ ಬೀಳುತ್ತದೆ. ಅದನ್ನು ಇಟ್ಟುಕೊಂಡು ಸಾಯಿರಿ ಎಂದು ಹೇಳಲು ನಾನು ಯಾರು?

ನನ್ನ ತಕರಾರು ಬೇರೆ. 14 ಎಕರೆ 22 ಗುಂಟೆ ಎಂದರೆ 582 ಗುಂಟೆ, ಚದರಡಿಯಲ್ಲಿ 6,33,798. ರಸ್ತೆ ಅದು ಇದು ಎಂದು ಅರ್ಧ ಬಿಟ್ಟರೂ 30×40ರ ನಿವೇಶನಗಳು 264 ಬೀಳುತ್ತವೆ. ಲೇಔಟ್ ಮಾಡುವವರು ಉದ್ಯಾನಕ್ಕೆ ಜಾಗ ಬಿಡಲೇಬೇಕೆಂಬ ನಿಯಮವೂ ಇದೆ. ಅಂದರೆ ಅಜ್ಜನ ಕಾಲದ ಹುಣಸೆಗಳನ್ನು ಕಡಿದು, ಒಂದು ಮೂಲೆಯಲ್ಲಿ ತಂತಿಬೇಲಿ ಹಾಕಿ, ನಾಲ್ಕು ಸಸಿ ನೆಟ್ಟು ‘ಉದ್ಯಾನ’ ಎಂದು ಬೋರ್ಡು ಬರೆಸುತ್ತಾರೆ! ಬಾವಿಯನ್ನು ಏನು ಮಾಡುತ್ತಾರೆಂದು ಕೇಳಬೇಕಾಗಿಲ್ಲ. ವಾಡೆ ಕೆಡವಿದ ಮಣ್ಣು, ಗಾರೆ ಎಲ್ಲಿಗಾದರೂ ಹೋಗಬೇಕಲ್ಲ.

ಆದರೆ ಆ ಬಾವಿ, ಆ ದಾರಿ ಮಾರುವವರದ್ದೇ? 1966ರ ಭೂಕಂದಾಯ ನಿಯಮಗಳಲ್ಲಿ ಖರಾಬು, ಅಂದರೆ ಕಂದಾಯವಿಲ್ಲದ ನೆಲ, ಎರಡು ಬಗೆ. ಹಿಡುವಳಿದಾರನ ಸ್ವಂತ ಕಣ, ಕಲ್ಲುನೆಲ ಇತ್ಯಾದಿ ಎ-ಖರಾಬು. ರಸ್ತೆ, ರೂಢಿಯ ಕಾಲುದಾರಿ, ಬೇರೆಯವರು ಕುಡಿಯಲು ಬಳಸುವ ನೀರಿನ ನೆಲೆ ಇವು ಬಿ-ಖರಾಬು, ಸಾರ್ವಜನಿಕರದ್ದು. ಪಹಣಿಯಲ್ಲಿ ಈ ಸರ್ವೆ ನಂಬರಿನ ಖರಾಬು ಎಲ್ಲಿ, ಎಷ್ಟು ಎಂದು ನೋಡದೆ ಮೇಲಿನ ವಿಸ್ತೀರ್ಣವನ್ನು ಇಡಿಯಾಗಿ ಬೆಲೆಕಟ್ಟಿ ಕೂಗುತ್ತಿದ್ದಾರೆ. ಹಳೆಯ ಸೇತ್ವಾರು (ನಿಜಾಮರ ಕಾಲದ ಸರ್ವೆ ದಾಖಲೆ) ಉರ್ದುವಿನಲ್ಲಿದೆ, ಮನೆತನದ ಕಾಗದಗಳು ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿವೆ. ಓದುವವರು ಕಡಿಮೆಯಾದರೆಂದು ದಾರಿ ಇಲ್ಲವಾಗುವುದಿಲ್ಲ. ನೋಂದಣಿಗೆ ಮೊದಲು ಊರವರ ಎದುರಿಗೇ ಜಂಟಿ ಅಳತೆ ಮಾಡಿಸಿ, ಟಿಪ್ಪಣಿ (ಮೂಲ ಅಳತೆಯ ದಾಖಲೆ) ತೆಗೆದು ತಾಳೆ ನೋಡಿ, ಕಲ್ಲು ನೆಡಲಿ. ಒಂದು ದಿನದ ಕೆಲಸ.

ವಾಡೆಯ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯಲ್ಲಿ ದೇವಸ್ಥಾನಕ್ಕೆ ಇರುವ ಅದೃಷ್ಟ ಮನೆಗಳಿಗಿಲ್ಲ. 1112ರ ಇಟಗಿಯ ಮಹಾದೇವ ದೇವಾಲಯಕ್ಕೆ ಕಾವಲಿದೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆಯೂ ಇದೆ. ವಾಡೆಗೆ ಗಾದೆಯೂ ಇಲ್ಲ, ಕಾವಲೂ ಇಲ್ಲ. ಆದರೂ ಕಾನೂನು ಬಾಗಿಲು ಮುಚ್ಚಿಲ್ಲ. ನೂರು ವರ್ಷ ದಾಟಿದ ಕಟ್ಟಡವನ್ನು ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವೆಂದು ಘೋಷಿಸಬಹುದು. ಇದಕ್ಕಿಂತ ಮೃದುವಾದ ದಾರಿಯೂ ಉಂಟು. 1958ರ ಕೇಂದ್ರ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ ಮಾಲೀಕರ ಜೊತೆ ಕರಾರು ಮಾಡಿಕೊಳ್ಳುವ ಅವಕಾಶವಿದೆ. ಮಾರುವುದಾದರೆ ಮೊದಲು ಸರ್ಕಾರಕ್ಕೆ ತಿಳಿಸಬೇಕು, ಮಾರುಕಟ್ಟೆ ಬೆಲೆಗೆ ಕೊಳ್ಳುವ ಹಕ್ಕು ಸರ್ಕಾರಕ್ಕಿರಬೇಕು ಎಂದು ಆ ಕರಾರಿನಲ್ಲಿ ಬರೆಸಬಹುದು. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗಾಗಿ ಬರೆದ ಈ ಮಾತನ್ನು ಜಿಲ್ಲೆಯ ಮಟ್ಟದಲ್ಲೂ ಮಾದರಿಯಾಗಿ ಹಿಡಿಯಬಹುದಲ್ಲವೇ?

ಸರ್ಕಾರದ ಬಳಿ ಹಣವಿಲ್ಲದಿದ್ದರೆ ಖಾಸಗಿಯವರೇ ಕೊಳ್ಳಲಿ. ಪಕ್ಕದ ಸಂಡೂರಿನಲ್ಲಿ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ಹೋಟೆಲಾಗಿ ಉಳಿದಿದೆ. ಒಂದು ರಾತ್ರಿಯ ಬಾಡಿಗೆ ನನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ, ಅದು ಬೇರೆ ಮಾತು, ಗೋಡೆಗಳಂತೂ ನಿಂತಿವೆ. ಕೊಳ್ಳುವವರಿಗೆ ಕಟ್ಟಡ, ಬಾಗ್, ಹೌಜು ಒಂದೇ ಆಸ್ತಿಯಾಗಿ ಉಳಿಯಬೇಕೆಂಬ ಷರತ್ತು ಹಾಕಲಿ. ನೆರಳು, ನೀರು ಹೋದ ಮೇಲೆ ವಾಡೆಯೊಂದೇ ನಿಂತು ಏನು ಮಾಡೀತು?

ತಡವಾದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯವರು ನೋಡಿದ್ದೇವೆ. ಹಂಪಿಯ ಎದುರಿನ ತುಂಗಭದ್ರಾ ನಡುಗಡ್ಡೆ ವಿರೂಪಾಪುರಗಡ್ಡಿಯಲ್ಲಿ ಅಕ್ರಮ ರೆಸಾರ್ಟುಗಳು ಒಂದೊಂದಾಗಿ ಏಳುವುದನ್ನು ವರ್ಷಗಟ್ಟಲೆ ನೋಡುತ್ತ ಕುಳಿತು, ಕೊನೆಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ಜೆಸಿಬಿ ತರಿಸಬೇಕಾಯಿತು. ಅಲ್ಲಿ ಕಟ್ಟಿದ್ದನ್ನು ಕೆಡವಬಹುದಿತ್ತು. ಇಲ್ಲಿ ಕೆಡವಿದ್ದನ್ನು ಯಾವ ಕೋರ್ಟು ಕಟ್ಟಿಸಿ ಕೊಡುತ್ತದೆ?

ಅಂದು ಅಳೆದಾಗ ಬರೆದುಕೊಂಡ ಕಚ್ಚಾ ನಕಾಶೆಯೊಂದು ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ಬಾವಿಯ ಬಾಯಿ ಹನ್ನೆರಡಾಣೆ ಚೌಕ, ದಾರಿ ಆರಾಣೆ, ದಾರಿಯ ಎರಡೂ ಬದಿಯ ಹುಣಸೆಮರಗಳಿಗೆ ಒಂದೊಂದು ಚುಕ್ಕೆ. ಜಂಟಿ ಅಳತೆಯ ದಿನ ಗೊತ್ತುಮಾಡಿದರೆ ಅದನ್ನು ಹಿಡಿದುಕೊಂಡು ಬೆಳಗಿನ ಬಸ್ಸಿಗೇ ಬರುತ್ತೇನೆ.

— ನಿವೃತ್ತ ಭೂಮಾಪಕ, ಕುಷ್ಟಗಿ, ಕೊಪ್ಪಳ ಜಿಲ್ಲೆ